ಗಿಡ ತಿನ್ನುತ್ತಿರುವವರು ಯಾರು, ಮೊದಲು ಅದನ್ನು ಹೇಳಿ

ಹೋದ ಸಂಚಿಕೆಯಲ್ಲಿ ಹೂಕೋಸಿನ ಹುಳುವಿಗೆ ‘ಬಿಟಿ ಹೊಡೆಯಿರಿ’ ಅಂತ ಒಂದೇ ಸಾಲು ಬರೆದು ಮುಂದೆ ಹೋಗಿದ್ದೆ. ಅದಕ್ಕೇ ಇಷ್ಟೊಂದು ಪತ್ರ! ಮುಂಬೈ, ಪುಣೆ, ಗೋವಾ ಮೂರೂ ಕಡೆಯಿಂದ ಬಂದಿವೆ. ಕೆಲವರದು ಬಾಲ್ಕನಿಯ ಕುಂಡ. ಕೆಲವರ ಜಮೀನು ಊರಲ್ಲಿ, ನೌಕರಿ ಇಲ್ಲಿ. ಹಾಗಾಗಿ ಈ ತಿಂಗಳ ಅಂಕಣ ಪೂರ್ತಿ ಹುಳು ಕೊಲ್ಲುವ ಬ್ಯಾಕ್ಟೀರಿಯಾಗಳಿಗೆ. ಗುಲಾಬಿ, ಮಲ್ಲಿಗೆ ಬಗ್ಗೆ ಕೇಳಿದವರು ಸ್ವಲ್ಪ ಕಾಯಿರಿ.

ಪ್ರಶ್ನೆ: ಬಿಟಿ ಅಂದರೆ ಬ್ಯಾಕ್ಟೀರಿಯಾ ಅಂತೀರಿ. ತಿನ್ನುವ ತರಕಾರಿಗೆ ರೋಗಾಣು ಹೊಡೆಯೋದಾ? ಮನೆಯಲ್ಲಿ ಸಣ್ಣ ಮಗು ಇದೆ. (ಹಡಪ್ಸರ್, ಪುಣೆ)

ಉತ್ತರ: ಬ್ಯಾಕ್ಟೀರಿಯಾ ಎಲ್ಲವೂ ರೋಗಾಣುವಲ್ಲ. ಬಿಟಿ, ಅಂದರೆ ಬ್ಯಾಸಿಲಸ್ ತುರಿಂಜಿಯೆನ್ಸಿಸ್, ಮಣ್ಣಿನಲ್ಲಿ, ಎಲೆಯ ಮೇಲೆ, ಕಾಳಿನ ಗೋದಾಮಿನ ಧೂಳಿನಲ್ಲಿ ಮೊದಲಿನಿಂದಲೂ ಇದೆ. ನೀವು ಅದನ್ನು ಎಷ್ಟೋ ಸಲ ತಿಂದಿದ್ದೀರಿ, ಗೊತ್ತಾಗಿಲ್ಲ ಅಷ್ಟೇ. 1901ರಲ್ಲಿ ಜಪಾನಿನ ಇಶಿವಾಟಾ ಎಂಬ ವಿಜ್ಞಾನಿ ಇದನ್ನು ಮೊದಲು ಗುರುತಿಸಿದರು. ಅಲ್ಲಿ ರೇಷ್ಮೆ ಹುಳುಗಳು ಇದ್ದಕ್ಕಿದ್ದಂತೆ ಸಾಯುತ್ತಿದ್ದವು. 1911ರಲ್ಲಿ ಜರ್ಮನಿಯ ಬರ್ಲಿನರ್ ಎಂಬುವರು ತುರಿಂಜಿಯಾ ಪ್ರದೇಶದ ಹಿಟ್ಟಿನ ಪತಂಗದ ಮರಿಹುಳುವಿನಲ್ಲಿ ಇದನ್ನೇ ಕಂಡು ಆಮೇಲೆ ಆ ಪ್ರದೇಶದ ಹೆಸರಿಟ್ಟರು. 1938ಕ್ಕೆ ಫ್ರಾನ್ಸಿನಲ್ಲಿ ಅಂಗಡಿಗೇ ಬಂತು. ಹೊಸ ಪ್ರಯೋಗವೇನೂ ಅಲ್ಲ.

ಇದು ಕೊಲ್ಲುವ ರೀತಿ ಗೊತ್ತಾದರೆ ನಿಮ್ಮ ಭಯ ಅರ್ಧ ಇಳಿಯುತ್ತದೆ. ಈ ಬ್ಯಾಕ್ಟೀರಿಯಾ ಬೀಜಾಣು ಕಟ್ಟುವಾಗ ಅದರ ಪಕ್ಕದಲ್ಲೇ ಪ್ರೋಟೀನಿನ ಒಂದು ಹರಳನ್ನೂ ಕಟ್ಟುತ್ತದೆ. ಪುಣೆ ಹತ್ತಿರದ ಒಂದು ಜೈವಿಕ ಕೀಟನಾಶಕದ ಕಾರ್ಖಾನೆಯಲ್ಲಿ ಗುಣಮಟ್ಟ ನೋಡುವ ವಿಭಾಗದಲ್ಲಿ ಇದ್ದಾಗ ನನ್ನ ಬೆಳಗಿನ ಕೆಲಸವೇ ಮೈಕ್ರೋಸ್ಕೋಪಿನಲ್ಲಿ ಈ ಹರಳುಗಳನ್ನು ಹುಡುಕುವುದು. ಎರಡು ಪಿರಮಿಡ್ಡುಗಳನ್ನು ಬುಡಕ್ಕೆ ಬುಡ ಅಂಟಿಸಿದ ಹಾಗೆ ಕಾಣುತ್ತವೆ. ಈ ಹರಳು ಹಾಗೇ ಇದ್ದರೆ ಯಾರಿಗೂ ಏನೂ ಮಾಡುವುದಿಲ್ಲ. ಎಲೆಯ ಜೊತೆ ಮರಿಹುಳುವಿನ ಹೊಟ್ಟೆಗೆ ಹೋಗಬೇಕು. ಮರಿಹುಳುವಿನ ಕರುಳು ಕ್ಷಾರಗುಣದ್ದು. ಅಲ್ಲಿ ಹರಳು ಕರಗುತ್ತದೆ, ಹುಳುವಿನ ಜೀರ್ಣರಸವೇ ಅದನ್ನು ಕತ್ತರಿಸಿ ವಿಷ ಮಾಡುತ್ತದೆ. ಆ ವಿಷ ಕರುಳಿನ ಗೋಡೆಯಲ್ಲಿ ತನಗೆ ಒಗ್ಗುವ ಜಾಗ ಹುಡುಕಿ ಅಂಟಿಕೊಂಡು ತೂತು ಕೊರೆಯುತ್ತದೆ. ಕೆಲವೇ ಗಂಟೆಯಲ್ಲಿ ಹುಳು ತಿನ್ನುವುದು ನಿಲ್ಲಿಸುತ್ತದೆ. ಸಾಯಲು ಎರಡು ಮೂರು ದಿನ ಬೇಕು.

ನಮ್ಮ ಹೊಟ್ಟೆಯಲ್ಲಿರುವುದು ಆಮ್ಲ. ವಿಷ ಅಂಟಿಕೊಳ್ಳುವ ಜಾಗವೂ ನಮ್ಮ ಕರುಳಿನಲ್ಲಿ ಇಲ್ಲ. ಹಾಗಂತ ಪುಡಿಯನ್ನು ಮೂಗಿಗೆ ಎಳೆದುಕೊಳ್ಳಬೇಡಿ, ಕಣ್ಣಿಗೆ ಹಾರಿಸಿಕೊಳ್ಳಬೇಡಿ. ಕಲಸುವಾಗ ಮಾಸ್ಕ್ ಹಾಕಿ. ಮಗುವನ್ನು ದೂರ ಇಡಿ. ತರಕಾರಿ ತೊಳೆದು ತಿನ್ನಿ. ಅಷ್ಟು ಸಾಕು.

ಪ್ರಶ್ನೆ: ದಾಸವಾಳಕ್ಕೆ ಬಿಳಿ ಹತ್ತಿಯಂಥದ್ದು ಅಂಟಿದೆ. ನಿಮ್ಮ ಮಾತು ನಂಬಿ ಬಿಟಿ ಹೊಡೆದೆ. ಏನೂ ಆಗಲಿಲ್ಲ. (ಮಡಗಾಂವ್, ಗೋವಾ)

ಉತ್ತರ: ಆಗುವುದೂ ಇಲ್ಲ. ಅದು ಹಿಟ್ಟು ತಿಗಣೆ. ಅದು ಎಲೆ ಕಡಿಯುವುದಿಲ್ಲ, ಸೂಜಿಯಂಥ ಬಾಯಿ ಚುಚ್ಚಿ ಒಳಗಿನ ರಸ ಹೀರುತ್ತದೆ. ನೀವು ಹೊಡೆದ ಬಿಟಿ ಎಲೆಯ ಮೇಲೆ ಕೂತಿದೆ, ತಿಗಣೆಯ ಊಟ ಎಲೆಯ ಒಳಗಿದೆ. ಹೇನು, ಬಿಳಿ ನೊಣ, ಥ್ರಿಪ್ಸ್ ಎಲ್ಲಕ್ಕೂ ಇದೇ ಮಾತು. ಅಂಗಡಿಯವರು ‘ಎಲ್ಲಾ ಹುಳಕ್ಕೂ ನಡೆಯುತ್ತೆ’ ಅಂದರೆ ಸುಮ್ನೆ ಎದ್ದು ಬನ್ನಿ. ನಿಮ್ಮ ದಾಸವಾಳಕ್ಕೆ ಮೊದಲು ಜೋರಾಗಿ ನೀರು ಹೊಡೆದು ತಿಗಣೆ ಉದುರಿಸಿ. ಜಾಸ್ತಿ ಅಂಟಿರುವ ಟೊಂಗೆ ಕತ್ತರಿಸಿ. ಆಮೇಲೆ ಬೇವಿನೆಣ್ಣೆಗೆ ಸ್ವಲ್ಪ ಸೋಪು ನೀರು ಬೆರೆಸಿ ಹೊಡೆಯಿರಿ. ಇರುವೆಗಳು ಓಡಾಡುತ್ತಿದ್ದರೆ ಅವಕ್ಕೂ ದಾರಿ ಮುಚ್ಚಿ. ತಿಗಣೆ ಸುರಿಸುವ ಸಿಹಿ ಅಂಟಿನ ಆಸೆಗೆ ಅವು ಕಾವಲು ಕಾಯುತ್ತವೆ.

ಪ್ರಶ್ನೆ: ಬಾಲ್ಕನಿಯ ನಿಂಬೆ ಗಿಡದ ಎಲೆಗಳನ್ನು ಒಂದು ಹಸಿರು ಹುಳು ರಾತ್ರೋರಾತ್ರಿ ಖಾಲಿ ಮಾಡುತ್ತಿದೆ. ಮುಟ್ಟಿದರೆ ಕೆಂಪು ಕೊಂಬು ತೆಗೆದು ವಾಸನೆ ಬಿಡುತ್ತದೆ. ಎಷ್ಟು ಬಿಟಿ ಹಾಕಲಿ? (ಡೊಂಬಿವಲಿ)

ಉತ್ತರ: ಎಷ್ಟು ಚೆನ್ನಾಗಿ ನೋಡಿದ್ದೀರಿ! ಎಲ್ಲರೂ ಹೀಗೆ ಬರೆದು ಕಳಿಸಿದರೆ ನನ್ನ ಕೆಲಸ ಹಗುರ. ಅದು ನಿಂಬೆ ಚಿಟ್ಟೆಯ ಮರಿ. ಕರಿಬೇವಿಗೂ ಬರುತ್ತದೆ. ಸಣ್ಣದಿರುವಾಗ ಹಕ್ಕಿ ಹಿಕ್ಕೆಯ ಹಾಗೆ ಕಂದು ಬಿಳಿ ಬಣ್ಣ, ಬೆಳೆದ ಮೇಲೆ ಹಸಿರು. ಬಿಟಿಗೆ ಖಂಡಿತ ಸಾಯುತ್ತದೆ. ಆದರೆ ಒಂದು ಕುಂಡಕ್ಕೆ ಯಾಕೆ ಪೊಟ್ಟಣ ಕೊಳ್ಳುತ್ತೀರಿ? ಕೈಯಿಂದ ಆರಿಸಿ ತೆಗೆಯಿರಿ. ನಾನಾಗಿದ್ದರೆ ಒಂದೆರಡನ್ನು ಬಿಟ್ಟು ಚಿಟ್ಟೆಯಾಗಲು ಬಿಡುತ್ತೇನೆ. ಡೊಂಬಿವಲಿಯಲ್ಲಿ ಚಿಟ್ಟೆ ಜಾಸ್ತಿ ಏನಿಲ್ಲವಲ್ಲ.

ಪ್ರಶ್ನೆ: ನಿಪ್ಪಾಣಿ ಹತ್ತಿರ ಅಣ್ಣ ಎಲೆಕೋಸು ಹಾಕಿದ್ದಾನೆ. ಸಣ್ಣ ಹಸಿರು ಹುಳು, ಮುಟ್ಟಿದರೆ ನೂಲು ಬಿಟ್ಟು ಜೋತಾಡುತ್ತದೆ. ಬಿಟಿ ಎರಡು ಸಲ ಹೊಡೆದರೂ ಪೂರ್ತಿ ಹೋಗಿಲ್ಲ. ಪಕ್ಕದವರು ‘ಇದೆಲ್ಲ ಬೋಗಸ್’ ಅಂತಿದ್ದಾರೆ. (ಚಿಂಚವಡ, ಪುಣೆ)

ಉತ್ತರ: ಇದು ವಜ್ರಬೆನ್ನಿನ ಪತಂಗದ ಮರಿ. ಎಲೆಯ ಕೆಳಗಿನ ಹಸಿರು ಕೆರೆದು ತಿಂದು ಮೇಲಿನ ತೆಳು ಪೊರೆ ಮಾತ್ರ ಉಳಿಸುತ್ತದೆ, ಅಲ್ಲಿ ಬೆಳಕು ತೂರುತ್ತದೆ. ಬಿಟಿಗೆ ಸರಿಯಾದ ಹುಳುವೇ ಇದು. ಆದರೂ ಕೆಲಸ ಆಗಿಲ್ಲ ಅಂದರೆ ಹೊಡೆದ ರೀತಿ ನೋಡಬೇಕು. ಅಣ್ಣನಿಗೆ ಈ ಪ್ರಶ್ನೆ ಕೇಳಿ.

ಎಷ್ಟು ಗಂಟೆಗೆ ಹೊಡೆದರು? ಬೆಳಗ್ಗೆ ಹತ್ತಕ್ಕೆ ಆದರೆ ಅರ್ಧ ದುಡ್ಡು ಬಿಸಿಲಿಗೆ ಹೋಯಿತು. ಬಿಸಿಲಿನಲ್ಲಿರುವ ನೇರಳಾತೀತ ಕಿರಣ ಬೀಜಾಣುವನ್ನೂ ಹರಳನ್ನೂ ಹಾಳು ಮಾಡುತ್ತದೆ. ಒಂದೆರಡು ದಿನದಲ್ಲೇ ಬಲ ಇಳಿದುಬಿಡುತ್ತದೆ. ಸಂಜೆ ಹೊತ್ತು ಮುಳುಗುವಾಗ ಹೊಡೆಯಬೇಕು. ರಾತ್ರಿ ಪೂರ್ತಿ ಹುಳು ತಿನ್ನಲಿ.

ಎಲೆಯ ಅಡಿಗೆ ಬಿತ್ತೋ ಇಲ್ಲವೋ? ಹುಳು ಇರುವುದೇ ಅಲ್ಲಿ. ನಮ್ಮ ಆಳುಗಳು ಪಂಪಿನ ನಳಿಗೆ ಹಿಡಿದು ಮೇಲಿಂದ ಮೇಲೆ ಬೀಸಿಕೊಂಡು ಹೋಗುತ್ತಾರೆ, ನೋಡಿದ್ದೀರಲ್ವಾ? ಜೊತೆಗೆ ಕೋಸಿನ ಎಲೆಗೆ ಮೇಣದ ಲೇಪ ಇರುತ್ತದೆ. ನೀರು ಮುತ್ತಾಗಿ ಉರುಳಿಹೋಗುತ್ತದೆ. ಅಂಟು ದ್ರಾವಣ ಬೆರೆಸಲೇಬೇಕು.

ಹುಳು ಎಷ್ಟು ದೊಡ್ಡದಿತ್ತು? ಬಿಟಿ ಸಣ್ಣ ಮರಿಗಳಿಗೆ. ಬಲಿತ ಹುಳು ತಿಂದರೂ ತಡೆದುಕೊಳ್ಳುತ್ತದೆ, ಸುಧಾರಿಸಿಕೊಳ್ಳುತ್ತದೆ. ಎಲೆ ಜರಡಿಯಾದ ಮೇಲೆ ಹೊಡೆದರೆ ತಡವಾಯಿತು ಅಂತಲೇ. ಪುಡಿಯಾದರೆ ಲೀಟರಿಗೆ 1ರಿಂದ 2 ಗ್ರಾಂ ಸಾಮಾನ್ಯ, ಆದರೆ ಪೊಟ್ಟಣದ ಮೇಲೆ ಬರೆದದ್ದೇ ಕೊನೆಯ ಮಾತು. ಒಂದು ಸಲಕ್ಕೆ ನಿಲ್ಲಿಸದೆ ಐದರಿಂದ ಏಳು ದಿನ ಬಿಟ್ಟು ಮತ್ತೆ ಹೊಡೆಯಬೇಕು. ಆ ಹೊತ್ತಿಗೆ ಹೊಸ ಮೊಟ್ಟೆ ಒಡೆದಿರುತ್ತದೆ.

ಇನ್ನೊಂದು, ಯಾವ ನೀರು? ಏನು ಬೆರೆಸಿದರು? ಶಿಲೀಂಧ್ರ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಕಲಸಿದ ಡ್ರಮ್ಮಿನಲ್ಲೇ ಬಿಟಿ ಕಲಸುವವರಿದ್ದಾರೆ. ಅದರಲ್ಲಿ ಸುಣ್ಣ, ತಾಮ್ರ ಎರಡೂ ಇದೆ, ಸುಣ್ಣ ಕ್ಷಾರ. ಹರಳು ಹುಳುವಿನ ಹೊಟ್ಟೆಯಲ್ಲಿ ಕರಗಬೇಕು, ಡ್ರಮ್ಮಿನಲ್ಲಲ್ಲ. ತೀರಾ ಸವಳು ನೀರೂ ಬೇಡ. ಸ್ಟ್ರೆಪ್ಟೊಮೈಸಿನ್‌ನಂಥ ಬ್ಯಾಕ್ಟೀರಿಯಾ ಕೊಲ್ಲುವ ಔಷಧಿ ಜೊತೆಗೆ ಸೇರಿಸಬೇಡಿ. ಕಲಸಿದ್ದನ್ನು ನಾಳೆಗೆ ಇಡಬೇಡಿ.

ಪಕ್ಕದವರ ‘ಬೋಗಸ್’ ಮಾತಿಗೆ ಬರೋಣ. ಅದರಲ್ಲಿ ಒಂದು ಎಳೆ ನಿಜ ಇದೆ. ಈ ಪತಂಗ ಮಹಾ ಗಟ್ಟಿ. ಹೊಲದಲ್ಲಿ ಬಿಟಿ ಸಿಂಪಡಣೆಗೇ ಬಗ್ಗದಂತಾದ ಮೊದಲ ಕೀಟ ಇದೇ, 1990ರಲ್ಲಿ ಹವಾಯಿಯಿಂದ ವರದಿ ಬಂತು. ವರ್ಷವಿಡೀ ಕೋಸು, ವಾರಕ್ಕೊಮ್ಮೆ ಬಿಟಿ ಅಂದರೆ ಇಲ್ಲೂ ಹಾಗೇ ಆಗುತ್ತದೆ. ಹಾಗಾಗಿ ಬಿಟಿ ಒಂದನ್ನೇ ನೆಚ್ಚಬೇಡಿ. ನಡುವೆ ಬೇವಿನ ಬೀಜದ ಕಷಾಯ ಹೊಡೆಯಿರಿ. ಮುಂದಿನ ಬೆಳೆಗೆ ಸಾಸಿವೆ ಸಾಲು ಹಾಕಿ. ಬೆಂಗಳೂರಿನ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಹೇಳುವ ಲೆಕ್ಕ ಹೀಗಿದೆ: 25 ಸಾಲು ಕೋಸಿಗೆ ಎರಡು ಸಾಲು ಸಾಸಿವೆ. ಒಂದು ಸಾಲನ್ನು ಕೋಸು ನೆಡುವ 15 ದಿನ ಮೊದಲು ಬಿತ್ತಬೇಕು, ಇನ್ನೊಂದನ್ನು ನೆಟ್ಟು 25 ದಿನಕ್ಕೆ. ಪತಂಗಕ್ಕೆ ಕೋಸಿಗಿಂತ ಸಾಸಿವೆ ಇಷ್ಟ. ಮೊಟ್ಟೆ ಅಲ್ಲಿ ಇಡುತ್ತದೆ, ನೀವು ಆ ಎರಡು ಸಾಲಿನ ಮೇಲೆ ಕಣ್ಣಿಟ್ಟರೆ ಆಯಿತು.

ಪ್ರಶ್ನೆ: ಬೆಲ್ಲ, ಕಡಲೆ ಹಿಟ್ಟು ಹಾಕಿ ಡ್ರಮ್ಮಿನಲ್ಲಿ ಬಿಟಿಯನ್ನು ಮನೆಯಲ್ಲೇ ಹೆಚ್ಚಿಸಬಹುದು ಅಂತ ಒಬ್ಬರು ವಿಡಿಯೊದಲ್ಲಿ ತೋರಿಸಿದರು. ಸಗಣಿ, ಗಂಜಲ ಕೊಳೆಸಿ ಮಾಡುವ ಜೀವಾಮೃತದ ಹಾಗೇ ತಾನೆ? ಇಲ್ಲದಿದ್ದರೆ ಒಳ್ಳೆಯ ಬ್ರಾಂಡ್ ಹೇಳಿ. (ಠಾಣೆ)

ಉತ್ತರ: ಬೇಡ. ಜೀವಾಮೃತದಲ್ಲಿ ಯಾವ ಜೀವಿ ಎಷ್ಟಿದೆ ಅಂತ ಯಾರೂ ಲೆಕ್ಕ ಕೇಳುವುದಿಲ್ಲ. ಇಲ್ಲಿ ಕೇಳಬೇಕು. ಬಿಟಿಗೆ ಒಬ್ಬ ಹತ್ತಿರದ ದಾಯಾದಿ ಇದ್ದಾನೆ, ಬ್ಯಾಸಿಲಸ್ ಸೀರಿಯಸ್. ಹಳಸಿದ ಅನ್ನ ತಿಂದು ವಾಂತಿಯಾಗುತ್ತದಲ್ಲ, ಅದಕ್ಕೆ ಅನೇಕ ಸಲ ಕಾರಣ ಇವನೇ. ಡ್ರಮ್ಮಿನಲ್ಲಿ ಬೆಳೆದದ್ದು ಯಾರು ಅಂತ ಬರೀ ಕಣ್ಣಿಗೆ ಗೊತ್ತಾಗುವುದಿಲ್ಲ. ಲ್ಯಾಬಿನ ತಟ್ಟೆಯಲ್ಲಿ ಬೆಳೆಸಿದರೂ ಇಬ್ಬರೂ ಒಂದೇ ಥರ ಕಾಣುತ್ತಾರೆ. ಹರಳು ಇದೆಯೇ ಅಂತ ಮೈಕ್ರೋಸ್ಕೋಪಿನಲ್ಲಿ ನೋಡಬೇಕು. ಇನ್ನೂ ಒಂದು ಪೇಚು ಇದೆ. ಹರಳು ಮಾಡುವ ಜೀನ್ ಇರುವುದು ಪ್ಲಾಸ್ಮಿಡ್ ಎಂಬ ಡಿಎನ್ಎಯ ಬಿಡಿ ತುಣುಕಿನಲ್ಲಿ. ಮತ್ತೆ ಮತ್ತೆ ಬೆಳೆಸುತ್ತಾ ಹೋದರೆ ಆ ತುಣುಕು ಕಳೆದುಹೋಗಬಹುದು. ಆಗ ನಿಮ್ಮ ಡ್ರಮ್ಮಿನಲ್ಲಿ ಬ್ಯಾಕ್ಟೀರಿಯಾ ದಂಡಿಯಾಗಿ ಇರುತ್ತದೆ, ಹುಳು ಮಾತ್ರ ಆರಾಮಾಗಿ ಇರುತ್ತದೆ.

ಬ್ರಾಂಡ್ ಹೆಸರು ನಾನು ಹೇಳುವುದಿಲ್ಲ, ಆದರೆ ಲೇಬಲ್ ಓದುವುದನ್ನು ಹೇಳಿಕೊಡುತ್ತೇನೆ. ಕೇಂದ್ರೀಯ ಕೀಟನಾಶಕ ಮಂಡಳಿಯ ನೋಂದಣಿ ಸಂಖ್ಯೆ ಇರಬೇಕು. ತಳಿಯ ಹೆಸರು ಇರಬೇಕು. ಮರಿಹುಳುಗಳಿಗೆ ‘ಕುರ್ಸ್ಟಾಕಿ’ ಎಂಬ ತಳಿ. ತಯಾರಾದ ದಿನ, ಅವಧಿ ಮುಗಿಯುವ ದಿನ ನೋಡಿ. ಏಪ್ರಿಲ್ ಬಿಸಿಲಲ್ಲಿ ಅಂಗಡಿಯ ಮುಂಗಟ್ಟಿನಲ್ಲಿ ಜೋಡಿಸಿಟ್ಟ ಬಾಟಲಿ ಬೇಡ, ಒಳಗಿನದ್ದು ಕೇಳಿ. ಗ್ರಾಮಿಗೆ ಇಷ್ಟು ಕೋಟಿ ಜೀವಾಣು ಅಂತ ಬರೆದಿರುವುದನ್ನು ನೋಡಿ ಮರುಳಾಗಬೇಡಿ. ಅದು ಎಷ್ಟು ಜೀವಂತ ಇವೆ ಅಂತ ಹೇಳುತ್ತದೆ, ಎಷ್ಟು ಕೊಲ್ಲುತ್ತವೆ ಅಂತ ಹೇಳುವುದಿಲ್ಲ. ಕೊಲ್ಲುವ ಬಲ ತಿಳಿಯಲು ನಿಜವಾದ ಹುಳುವಿಗೇ ತಿನ್ನಿಸಿ ನೋಡಬೇಕು. ನಮ್ಮ ಲ್ಯಾಬಿನಲ್ಲಿ ಅದಕ್ಕೆಂದೇ ಕಾಯಿಕೊರಕ ಹುಳು ಸಾಕುತ್ತಿದ್ದೆವು. ಕಡಲೆ ಹಿಟ್ಟು, ಯೀಸ್ಟು, ವಿಟಮಿನ್ನು ಹಾಕಿ ಅಗರ್‌ನಲ್ಲಿ ಗಟ್ಟಿ ಮಾಡಿದ ಊಟ. ಒಂದೊಂದಕ್ಕೂ ಬೇರೆ ಬೇರೆ ಗೂಡು, ಯಾಕೆಂದರೆ ಒಟ್ಟಿಗೆ ಬಿಟ್ಟರೆ ಒಂದನ್ನೊಂದು ತಿನ್ನುತ್ತವೆ. ನಮ್ಮ ಮನೆಯಲ್ಲಿ ಮಾಡದಷ್ಟು ಉಪಚಾರ ಆ ಹುಳುಗಳಿಗೆ ಮಾಡಿದ್ದೇವೆ.

ಮೋಸದ ಒಂದು ಗುರುತು ಹೇಳುತ್ತೇನೆ. ‘ಜೈವಿಕ’ ಅಂತ ಮಾರಿದ್ದನ್ನು ಹೊಡೆದ ಅರ್ಧ ಗಂಟೆಯಲ್ಲಿ ಹುಳು ಪಟಪಟನೆ ಉದುರಿದರೆ ಖುಷಿಪಡಬೇಡಿ. ಬಿಟಿ ಹಾಗೆ ಕೊಲ್ಲುವುದಿಲ್ಲ. ಅದರಲ್ಲಿ ರಾಸಾಯನಿಕ ಬೆರೆಸಿದ್ದಾರೆ ಅಂತ ಅನುಮಾನ ಪಡಿ. ತಪಾಸಣೆಗೆ ಬರುತ್ತಿದ್ದ ಮಾದರಿಗಳಲ್ಲಿ ಇಂಥವನ್ನು ನೋಡಿದ್ದೇನೆ. ಬಾಟಲಿಯ ಮೇಲೆ ಹಸು, ಎಲೆ, ಸೂರ್ಯನ ಚಿತ್ರ, ಒಳಗೆ ಅದೇ ಹಳೇ ಔಷಧಿ.

ಪ್ರಶ್ನೆ: ಆಗಶಿ ಕಡೆ ಗುತ್ತಿಗೆ ಗದ್ದೆಯಲ್ಲಿ ಬದನೆ ಹಾಕಿದ್ದೇವೆ. ಸುಳಿ ಬಾಡುತ್ತದೆ, ಕಾಯಿಯಲ್ಲಿ ತೂತು. ಬಿಟಿ ಆಗುತ್ತಾ? ಬಿಟಿ ಬದನೆ ಅಂತ ಬೀಜವೇ ಬರುತ್ತಂತೆ? (ವಾಸ್ಕೊ, ಗೋವಾ)

ಉತ್ತರ: ಆಗಶಿಯ ಬದನೆ! ಆ ದಪ್ಪ, ಮಿರಿಮಿರಿ, ಬೀಜ ಕಡಿಮೆ ಇರುವ ಕಾಯಿ ಹುಳು ಬಿದ್ದರೆ ಹೊಟ್ಟೆ ಉರಿಯುತ್ತದೆ, ನಿಜ. ಇದು ಸುಳಿ ಮತ್ತು ಕಾಯಿ ಕೊರೆಯುವ ಹುಳು. ಪತಂಗದ ಮರಿಯೇ ಆದ್ದರಿಂದ ಬಿಟಿಗೆ ಸಾಯಬೇಕು. ತೊಂದರೆ ಏನೆಂದರೆ ಮೊಟ್ಟೆಯಿಂದ ಹೊರಬಂದ ಸ್ವಲ್ಪ ಹೊತ್ತಿಗೇ ಅದು ಸುಳಿಯನ್ನೋ ಕಾಯಿಯನ್ನೋ ಕೊರೆದು ಒಳಗೆ ಸೇರಿ, ಬಾಗಿಲಿಗೆ ಹಿಕ್ಕೆ ಜಡಿದುಕೊಳ್ಳುತ್ತದೆ. ಹೊರಗೆ ಹೊಡೆದದ್ದು ಒಳಗೆ ಮುಟ್ಟುವುದೇ ಇಲ್ಲ. ಹಾಗಾಗಿ ಬದನೆಗೆ ಬಿಟಿ ಮೇಲೆ ನಿಮ್ಮ ದುಡ್ಡು ಹಾಕಿ ಅಂತ ನಾನು ಹೇಳುವುದಿಲ್ಲ. ಬಾಡಿದ ಸುಳಿಯನ್ನು ಕಂಡ ಕೂಡಲೇ ಒಂದಿಂಚು ಕೆಳಗೆ ಕತ್ತರಿಸಿ ಸುಟ್ಟುಹಾಕಿ. ಬದುವಿಗೆ ಬಿಸಾಡಿದರೆ ಅಲ್ಲೇ ಪತಂಗವಾಗಿ ವಾಪಸ್ ಬರುತ್ತದೆ. ಗಂಡು ಪತಂಗ ಹಿಡಿಯುವ ಮೋಹಕ ಬಲೆಗಳನ್ನು ಕಟ್ಟಿ. ಮೊಟ್ಟೆಯನ್ನೇ ತಿನ್ನುವ ಟ್ರೈಕೋಗ್ರಾಮಾ ಕಣಜದ ಕಾರ್ಡು ಸಿಗುತ್ತದೆ, ಅದೂ ಒಳ್ಳೆಯದು. ಓಲ್ಡ್ ಗೋವಾದಲ್ಲಿ ಐಸಿಎಆರ್‌ನ ಕರಾವಳಿ ಕೃಷಿ ಸಂಶೋಧನಾ ಸಂಸ್ಥೆ ಇದೆ, ನಿಮಗೆ ದೂರವೇನಲ್ಲ. ಒಂದು ಹುಳುಬಿದ್ದ ಕಾಯಿ ಹಿಡಿದುಕೊಂಡು ಹೋಗಿ.

ಬಿಟಿ ಬದನೆ ಬೇರೆ ಕತೆ. ಬ್ಯಾಕ್ಟೀರಿಯಾದ ಜೀನನ್ನು ಗಿಡದೊಳಗೇ ಸೇರಿಸಿದ್ದು ಅದು. ನಮ್ಮಲ್ಲಿ ಅದಕ್ಕೆ 2010ರ ಫೆಬ್ರವರಿಯಲ್ಲಿ ಕೇಂದ್ರ ತಡೆ ಹಾಕಿತು. ಬಾಂಗ್ಲಾದೇಶ 2013ರಲ್ಲಿ ಒಪ್ಪಿತು. ಇಲ್ಲಿ ಯಾರಾದರೂ ಆ ಹೆಸರಲ್ಲಿ ಬೀಜ ಮಾರಿದರೆ ಕೊಳ್ಳಬೇಡಿ.

ಪ್ರಶ್ನೆ: ರಾಯಚೂರಿನಲ್ಲಿ ನಮ್ಮದು ಬಿಟಿ ಹತ್ತಿ. ಅದರಲ್ಲೇ ಗುಲಾಬಿ ಹುಳು ಬಿದ್ದಿದೆ. ಹಾಗಾದರೆ ಬಿಟಿ ಸೋತ ಹಾಗೇ ಅಲ್ವಾ? (ಘಾಟ್ಕೋಪರ್, ಮುಂಬೈ)

ಉತ್ತರ: ಬಿಟಿ ಹತ್ತಿ ಆ ಹುಳುವಿನ ಮುಂದೆ ಸೋತಿದೆ, ಹೌದು. 2002ರಲ್ಲಿ ಬಿಟಿಯ ಒಂದು ಜೀನ್ ಸೇರಿಸಿದ ಹತ್ತಿ ಬಂತು, 2006ರಲ್ಲಿ ಎರಡು ಜೀನಿನದ್ದು. ಗುಲಾಬಿ ಕಾಯಿಕೊರಕ ಹೆಚ್ಚುಕಡಿಮೆ ಹತ್ತಿಯನ್ನೇ ನಂಬಿ ಬದುಕುವ ಹುಳು. ಅದಕ್ಕೆ ಬೇರೆ ಊಟವಿಲ್ಲ, ಆದ್ದರಿಂದ ಬಗ್ಗಲೇಬೇಕು ಅಥವಾ ಗಟ್ಟಿಯಾಗಬೇಕು. ಗಟ್ಟಿಯಾಯಿತು. ಬಿಟಿಗೆ ಪಳಗದ ಹುಳುಗಳೂ ಉಳಿದು ಪಳಗಿದವುಗಳ ಜೊತೆ ಕೂಡಲಿ ಎಂದು ಹೊಲದ ಸುತ್ತ ಬಿಟಿ ಇಲ್ಲದ ಹತ್ತಿಯ ಸಾಲು ಹಾಕಿ ಅಂತ ಪೊಟ್ಟಣದ ಜೊತೆ ಬೀಜ ಕೊಟ್ಟರೂ ಹಾಕಿದವರು ಕಡಿಮೆ. ಜೊತೆಗೆ ನಮ್ಮಲ್ಲಿ ಹೈಬ್ರಿಡ್ ಹತ್ತಿ. ಅದರ ಒಂದೇ ಕಾಯಿಯೊಳಗಿನ ಬೀಜಗಳಲ್ಲಿ ಕೆಲವಕ್ಕೆ ವಿಷ ಇರುತ್ತದೆ, ಕೆಲವಕ್ಕೆ ಇರುವುದಿಲ್ಲ. ಅರೆಬರೆ ವಿಷ ತಿಂದು ಬದುಕಿ ಪಳಗಲು ಹುಳುವಿಗೆ ಅದಕ್ಕಿಂತ ಒಳ್ಳೆಯ ಶಾಲೆ ಬೇಕೇ? ಸಿಂಪಡಿಸಿದ ಬಿಟಿ ಎರಡು ದಿನದಲ್ಲಿ ಮಾಯವಾಗುತ್ತದೆ. ಗಿಡದೊಳಗಿನ ಬಿಟಿ ಬಿತ್ತಿದ ದಿನದಿಂದ ಕೊನೆಯ ಕೊಯ್ಲಿನವರೆಗೂ ಇರುತ್ತದೆ, ಹುಳುವನ್ನು ದಿನವೂ ಪರೀಕ್ಷೆಗೆ ಕೂರಿಸುತ್ತದೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ನೀವು ಮಾಡಬಹುದಾದದ್ದು ಇಷ್ಟು: ಬೆಳೆಯನ್ನು ಡಿಸೆಂಬರ್ ದಾಟಿ ಎಳೆಯಬೇಡಿ, ಹತ್ತಿ ಕಟ್ಟಿಗೆಯನ್ನು ಹೊಲದಂಚಿಗೆ ಒಟ್ಟಬೇಡಿ, ಬಲೆ ಕಟ್ಟಿ ಪತಂಗದ ಮೇಲೆ ಕಣ್ಣಿಡಿ.

ಪ್ರಶ್ನೆ: ರಾಮನಗರದಲ್ಲಿ ಮಾವನವರದು ರೇಷ್ಮೆ. ಹಿಪ್ಪುನೇರಳೆಗೆ ಎಲೆ ಸುರುಳಿ ಹುಳು. ಬಿಟಿ ಹೊಡೆಯಬಹುದಾ? (ಪಿಂಪ್ರಿ)

ಉತ್ತರ: ಕೂಡದು! ಮೊದಲ ಉತ್ತರ ಮತ್ತೆ ಓದಿ, ಈ ಬ್ಯಾಕ್ಟೀರಿಯಾ ಸಿಕ್ಕಿದ್ದೇ ಸತ್ತ ರೇಷ್ಮೆ ಹುಳುವಿನಲ್ಲಿ. ಪಕ್ಕದ ಹೊಲದವರು ಹೊಡೆಯುವುದಿದ್ದರೂ ಗಾಳಿಯ ದಿಕ್ಕು ನೋಡಿ ಹೊಡೆಯಲು ಹೇಳಿ. ಮುತ್ತಿದ ಸುರುಳಿ ತುದಿಗಳನ್ನು ಕಿತ್ತು ಸುಡಲಿ.

ಪ್ರಶ್ನೆ: ಕೋಸಿಗೆ ತಂದ ಬಿಟಿ ಉಳಿದಿದೆ. ನೀರಿನ ಟಾಕಿಯಲ್ಲಿ ಹಾಕಿದರೆ ಸೊಳ್ಳೆ ಮರಿ ಸಾಯುತ್ತಾ? (ಪಣಜಿ)

ಉತ್ತರ: ಇಲ್ಲ, ಸೊಳ್ಳೆಗೆ ಬೇರೆ ತಳಿ, ‘ಇಸ್ರೇಲೆನ್ಸಿಸ್’. 1976ರಲ್ಲಿ ಇಸ್ರೇಲಿನ ನೆಗೆವ್ ಮರುಭೂಮಿಯ ಒಂದು ಹೊಂಡದಲ್ಲಿ ಸಿಕ್ಕಿದ್ದು. ನಿಮ್ಮ ಗೋವಾದಲ್ಲೇ 90ರ ದಶಕದಲ್ಲಿ ಮಲೇರಿಯಾ ತಡೆಯಲು ಇದನ್ನೂ ಸ್ಥಳೀಯ ಸಣ್ಣ ಮೀನುಗಳನ್ನೂ ಸೇರಿಸಿ ಪ್ರಯೋಗ ಮಾಡಿದ್ದರು. ಉಳಿದ ಪುಡಿಯನ್ನು ತಂಪಾದ ಒಣ ಜಾಗದಲ್ಲಿ ಇಟ್ಟು ಕೋಸಿಗೇ ಬಳಸಿ.

ಪ್ರಶ್ನೆ: ಉಡುಪಿ ಹತ್ತಿರ ಅಡಿಕೆ ತೋಟ. ಬುಡದಲ್ಲಿ ಬಿಳಿ ಗೊಣ್ಣೆ ಹುಳು ಬೇರು ತಿನ್ನುತ್ತಿದೆ, ಮರ ಹಳದಿಯಾಗಿದೆ. ವರ್ಷಕ್ಕೆ ಒಂದೆರಡು ಸಲ ಊರಿಗೆ ಹೋಗುತ್ತೇವೆ. ಬ್ಯಾಕ್ಟೀರಿಯಾದಲ್ಲಿ ದಾರಿ ಇದೆಯಾ? (ಅಂಧೇರಿ, ಮುಂಬೈ)

ಉತ್ತರ: ಇದೆ, ಮತ್ತು ಇದು ನನಗೆ ಬಲು ಪ್ರಿಯವಾದದ್ದು. ಗೊಣ್ಣೆ ಹುಳು ದುಂಬಿಯ ಮರಿ, ಇರುವುದು ಮಣ್ಣಿನ ಒಳಗೆ. ಕೋಸಿನ ಬಿಟಿ ಅದಕ್ಕೆ ತಾಗುವುದಿಲ್ಲ. ಆದರೆ ಫೋಟೊರಾಬ್ಡಸ್ ಅಂತ ಇನ್ನೊಂದು ಬ್ಯಾಕ್ಟೀರಿಯಾ ಇದೆ. ಅದು ತಾನಾಗಿ ಹುಳುವನ್ನು ಹುಡುಕಿಕೊಂಡು ಹೋಗಲಾರದು. ಕಣ್ಣಿಗೆ ಕಾಣದಷ್ಟು ಸಣ್ಣ ಜಂತುವಿನ ಕರುಳಿನಲ್ಲಿ ಕೂತು ಸವಾರಿ ಮಾಡುತ್ತದೆ. ಜಂತು ಮಣ್ಣಿನಲ್ಲಿ ತೆವಳಿ ಗೊಣ್ಣೆ ಹುಳುವಿನೊಳಗೆ ನುಗ್ಗಿ, ಬ್ಯಾಕ್ಟೀರಿಯಾವನ್ನು ಅದರ ರಕ್ತಕ್ಕೆ ಬಿಡುತ್ತದೆ. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಹುಳು ಸಾಯುತ್ತದೆ. ಆಮೇಲೆ ಜಂತು ಆ ಹೆಣದಲ್ಲೇ ಸಂಸಾರ ಮಾಡಿ, ಮರಿಗಳು ಸಾವಿರಗಟ್ಟಲೆ ಹೊರಬಂದು ಮುಂದಿನ ಹುಳು ಹುಡುಕುತ್ತವೆ. ಸತ್ತ ಹುಳು ಇಟ್ಟಿಗೆ ಕೆಂಪಾಗುತ್ತದೆ. ಕತ್ತಲೆ ಕೋಣೆಯಲ್ಲಿ ಸ್ವಲ್ಪ ಹೊತ್ತು ಕಣ್ಣು ಹೊಂದಿಸಿಕೊಂಡು ನೋಡಿದರೆ ಮಂದವಾಗಿ ಬೆಳಗುವುದೂ ಕಾಣುತ್ತದೆ!

ಆ ಜಂತುವಿನ ಹೆಸರು ಹೆಟೆರೊರಾಬ್ಡೈಟಿಸ್ ಇಂಡಿಕಾ, ಭಾರತದಲ್ಲೇ ಮೊದಲು ಗುರುತಿಸಿ 1992ರಲ್ಲಿ ಹೆಸರಿಟ್ಟದ್ದು. ಬೆಂಗಳೂರಿನ ಹೆಬ್ಬಾಳದ ಕೃಷಿ ಕೀಟ ಸಂಪನ್ಮೂಲ ಸಂಸ್ಥೆಯವರು ಇದನ್ನು ಪುಡಿ ರೂಪಕ್ಕೆ ತಂದಿದ್ದಾರೆ, ಅಡಿಕೆ, ಕಬ್ಬಿನ ಗೊಣ್ಣೆ ಹುಳುವಿಗೆ ಬಳಸುತ್ತಾರೆ. ಮಣ್ಣು ಒದ್ದೆ ಇರಬೇಕು, ಒಣ ಮಣ್ಣಿನಲ್ಲಿ ಜಂತು ಸಾಯುತ್ತದೆ. ಹಾಗಾಗಿ ಮಳೆ ಹಿಡಿದು ನೆಲ ನೆನೆದ ಮೇಲೆ, ಹುಳು ಇನ್ನೂ ಸಣ್ಣದಿರುವಾಗ, ಬುಡಕ್ಕೆ ಹಾಕಿಸಿ. ನೀವು ಊರಿಗೆ ಹೋಗುವುದು ಮೇ ರಜೆಯಲ್ಲಾದರೆ ಪ್ರಯೋಜನವಿಲ್ಲ, ನೋಡಿಕೊಳ್ಳುವವರಿಗೆ ಹೇಳಿಟ್ಟು ಬನ್ನಿ.

ಪ್ರಶ್ನೆ: ಟೆರೇಸಿನ ಪಾಲಕ್ ಎಲೆಯಲ್ಲಿ ದೊಡ್ಡ ತೂತು. ಹುಳುವೇ ಕಾಣುವುದಿಲ್ಲ. ಯಾವ ಬ್ಯಾಕ್ಟೀರಿಯಾ ಹಾಕಲಿ? (ಮುಲುಂಡ್)

ಉತ್ತರ: ಸದ್ಯಕ್ಕೆ ಯಾವುದೂ ಬೇಡ. ನೀವು ಕಳಿಸಿದ ಫೋಟೊದಲ್ಲಿ ತೂತು ಮಾತ್ರ ಇದೆ. ಮಳೆಗಾಲದ ಮುಂಬೈಯಲ್ಲಿ ಇದು ಬಸವನಹುಳು ಇರಬಹುದು, ಅದಕ್ಕೆ ಬಿಟಿ ಲೆಕ್ಕಕ್ಕೇ ಇಲ್ಲ. ರಾತ್ರಿ ಒಂಬತ್ತರ ಮೇಲೆ ಟಾರ್ಚ್ ಹಿಡಿದು ಹೋಗಿ. ಕುಂಡದ ಅಡಿ ಎತ್ತಿ ನೋಡಿ, ಎಲೆಯ ಹಿಂಬದಿ ತಿರುಗಿಸಿ ನೋಡಿ. ಒಣಗಿದ ಲೋಳೆಯ ಬೆಳ್ಳಿ ಗೆರೆ ಇದ್ದರೆ ಬಸವನಹುಳು. ಕರಿ ಸಾಸಿವೆಯಂಥ ಹಿಕ್ಕೆ ಇದ್ದರೆ ಮರಿಹುಳು. ಯಾವುದು ಅಂತ ಬರೆಯಿರಿ, ಮುಂದಿನ ತಿಂಗಳು ಉತ್ತರ ಕೊಡುತ್ತೇನೆ.